ಕಣದ ಹೊಟ್ಟೂ ಕೂಲಿಯವನ ಕಣ್ಣೂ

ತುಂಗಭದ್ರೆಯ ತಟದಲ್ಲಿರುವ ಕುಮಾರಪಟ್ಟಣದ ಸುತ್ತಲಿನ ರಾಣೆಬೆನ್ನೂರು ಸೀಮೆಯಲ್ಲಿ ಭತ್ತ, ಗೋವಿನಜೋಳ, ಹತ್ತಿ, ಕಬ್ಬುಗಳ ಬೇಸಾಯವು ನಡೆಯುತ್ತಿರುವುದು ಸರ್ವರಿಗೂ ತಿಳಿದ ವಿಷಯವು. ರಾಶಿ ಮಾಡುವಾಗ ಹಾರುವ ಹೊಟ್ಟು, ಕಬ್ಬಿನ ಗರಿಯ ಅಂಚು, ಎತ್ತಿನ ಬಾಲದ ಹೊಡೆತ ಇವುಗಳಿಂದ ಕಣ್ಣಿಗೆ ಗಾಯವಾಗುವುದು ಅಪರೂಪವಲ್ಲ. ಆದರೆ "ಕಸ ಬಿತ್ತು, ನಾಳೆಗೆ ಹೋದೀತು" ಎಂದು ಅದನ್ನು ಉಪೇಕ್ಷಿಸುವ ವಾಡಿಕೆಯೇ ದೃಷ್ಟಿನಾಶಕ್ಕೆ ದಾರಿಯಾಗಿರುತ್ತದೆ.

ಕರಿಗುಡ್ಡೆಯ ಮುಂದೆ ಗಾಜಿನಂತಿರುವ ಪೊರೆಗೆ ಕಾರ್ನಿಯಾ ಎಂದು ಹೆಸರು. ಅದರ ಮೇಲ್ಪದರವು ಕೆತ್ತಿಹೋದೊಡನೆ ರೋಗಾಣುಗಳಿಗೆ ಬಾಗಿಲು ತೆರೆದಂತಾಗುವುದು. ತೊಗರಿಗೆ ಸೊರಗುರೋಗವನ್ನು ತರುವ ಫ್ಯುಸೇರಿಯಂ ಬೂಷ್ಟಿನ ಬಳಗದವೇ ಈ ಗಾಯದಲ್ಲಿಯೂ ಬೇರೂರಿ ಹುಣ್ಣನ್ನುಂಟುಮಾಡಬಲ್ಲವು. ಹುಣ್ಣು ಮಾಯ್ದರೂ ಬಿಳಿಯ ಕಲೆ ಉಳಿಯುವುದುಂಟು. ಕಲೆಯು ದೃಷ್ಟಿಯನ್ನು ಮುಚ್ಚಿತೆಂದರೆ, ಮೃತರ ಕಣ್ಣಿನಿಂದ ದಾನವಾಗಿ ದೊರೆತ ಕಾರ್ನಿಯಾವನ್ನು ಜೋಡಿಸುವುದರ ಹೊರತು ಬಹುಮಟ್ಟಿಗೆ ಬೇರೆ ಉಪಾಯವಿರುವುದಿಲ್ಲ.

ಕಾಲವಿಳಂಬವಿಲ್ಲದ ಉಪಚಾರದ ಫಲವೆಷ್ಟೆಂಬುದಕ್ಕೆ ನೇಪಾಳದ ಭಕ್ತಪುರದ ನಿದರ್ಶನವು ಸಾಕು. ಅಲ್ಲಿ ಕಾರ್ನಿಯಾ ಕೆತ್ತಿದ 442 ಜನರಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಲಾಯಿತು. 424 ಜನರ ಗಾಯವು ಸೋಂಕಿಲ್ಲದೆ ಮಾಯ್ದಿತು. ಗಾಯವಾದ 18 ಗಂಟೆಗಳೊಳಗೆ ಉಪಚಾರಕ್ಕೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲವೆಂದು 2001ರಲ್ಲಿ ಪ್ರಕಟವಾದ ವರದಿಯಿಂದ ತಿಳಿದುಬರುವುದು.

ಕಣ್ಣಿಗೆ ಎಲೆಯ ರಸ, ಎದೆಹಾಲು, ಹರಳೆಣ್ಣೆ ಹಾಕಕೂಡದು. ನಾಲಗೆಯಿಂದಲೋ ಸೆರಗಿನ ತುದಿಯಿಂದಲೋ ಕಸವನ್ನು ತೆಗೆಯಲೂ ಕೂಡದು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯು ಬೂಷ್ಟಿನ ಹುಣ್ಣನ್ನು ಉಲ್ಬಣಗೊಳಿಸುವುದು. ಸುಣ್ಣ ಅಥವಾ ಸಿಂಪರಣೆಯ ಔಷಧವು ಸಿಡಿದರೆ ಮಾತ್ರ ತಡಮಾಡದೆ ಶುದ್ಧವಾದ ನೀರಿನಿಂದ ಅರ್ಧ ಗಂಟೆಯವರೆಗೆ ತೊಳೆದು, ಬಳಿಕ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಮುಳ್ಳು, ತಂತಿ, ಕಬ್ಬಿಣದ ಚೂರು ಕಣ್ಣೊಳಗೆ ನಾಟಿದ್ದರೆ ತೊಳೆಯಬಾರದು, ಒತ್ತಬಾರದು, ನಾಟಿದ್ದನ್ನು ಕೀಳಬಾರದು, ಹನಿಯನ್ನಾಗಲಿ ಮುಲಾಮನ್ನಾಗಲಿ ಹಾಕಬಾರದು. ಕಾಗದದ ಲೋಟವನ್ನು ಕತ್ತರಿಸಿ, ಕಣ್ಣಿಗೆ ತಾಗದಂತೆ ಕವುಚಿ ಕಟ್ಟಿ, ಶಸ್ತ್ರಚಿಕಿತ್ಸೆ ಬೇಕಾಗಬಹುದಾದುದರಿಂದ ಏನನ್ನೂ ತಿನ್ನಿಸದೆ ಕುಡಿಸದೆ, ನೇತ್ರವೈದ್ಯರಿರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ಕುಮಾರಪಟ್ಟಣದವರಿಗೆ ರಾಣೆಬೆನ್ನೂರಾಗಲಿ ಹೊಳೆಯಾಚೆಯ ದಾವಣಗೆರೆಯಾಗಲಿ ದೂರವಲ್ಲ.

ಹಾಗಾದರೆ ತಡವಾಗುವುದೇಕೆ? ಅಜ್ಞಾನವೊಂದೇ ಕಾರಣವಲ್ಲ. ಆಸ್ಪತ್ರೆಗೆ ಹೋದ ದಿನದ ಕೂಲಿ ಕಳೆಯುವುದೆಂಬ ಅಂಜಿಕೆಯಿಂದ ಆಳು ನೋವನ್ನು ಬಚ್ಚಿಡುವನು. ಹೆಣ್ಣಾಳಾದರೆ ಮನೆಯ ಕೆಲಸವೂ ಸೇರಿ ಇನ್ನೆರಡು ದಿನ ತಡೆಯುವಳು. ಸುಗ್ಗಿಯಲ್ಲಿ ಆಳು ಸಿಗುವುದೇ ದುರ್ಲಭ, ಒಬ್ಬರನ್ನು ಕಳುಹಿಸಿದರೆ ರಾಶಿ ನಿಲ್ಲುವುದೆಂದು ಭೂಮಾಲಿಕರು ಹೇಳುವುದುಂಟು. ಆ ಮಾತು ಸುಳ್ಳಲ್ಲ. ಆದರೆ ಒಂದು ದಿನ ನಿಂತ ರಾಶಿಯನ್ನು ಮರುದಿನ ಮುಗಿಸಬಹುದು. ಹೋದ ಕಣ್ಣನ್ನು ಮುಂದಿನ ಸುಗ್ಗಿಯೂ ತಂದುಕೊಡದು.

ಆದುದರಿಂದ ಯಂತ್ರದ ಬಳಿ ನಿಲ್ಲುವ ಆಳಿಗೆ ರಕ್ಷಣೆಯ ಕನ್ನಡಕವನ್ನು ಮಾಲಿಕರೇ ಒದಗಿಸುವುದೂ, ಕಣ್ಣಿಗೆ ಪೆಟ್ಟಾದವರನ್ನು ಅದೇ ದಿನ ಕಳುಹಿಸಿ ಆ ದಿನದ ಕೂಲಿಯನ್ನು ಕಡಿಯದಿರುವುದೂ ಗ್ರಾಮದ ಕಟ್ಟಳೆಯಾಗಬೇಕು. ಊರಿನ ಹಿರಿಯರು ಸುಗ್ಗಿಗೆ ಮುನ್ನ ಒಮ್ಮೆ ಸಭೆ ಸೇರಿ ಇದನ್ನು ನಿಶ್ಚಯಿಸಿದರೆ, ಅದರ ವೆಚ್ಚವು ಕಣದಲ್ಲಿ ಚೆಲ್ಲಿಹೋಗುವ ಕಾಳಿಗಿಂತ ಹೆಚ್ಚಾಗಲಾರದು.