ಮಂತ್ರಿಗಳ ನಾಯಿ ಮ್ಯಾನ್‌ಹೋಲಿಗೆ ಬಿದ್ದ ಕತೆ

ಗೆಳೆಯರೆ, ಮೊದಲು ಒಂದು ಕಟ್ಟುಕತೆ ಕೇಳಿ.

ಒಂದಾನೊಂದು ರಾಜಧಾನಿಯಲ್ಲಿ ಮಂತ್ರಿಗಳ ನಾಯಿ ಮುಚ್ಚಳವಿಲ್ಲದ ಮ್ಯಾನ್‌ಹೋಲಿಗೆ ಬಿದ್ದುಬಿಡ್ತು. ಇಂಜಿನಿಯರು ಕೂಗಿದ: "ಯಾರೂ ಇಳೀಬೇಡ್ರೋ, ಒಳಗೆ ವಿಷಗಾಳಿ ಐತೆ!" ಯಂತ್ರ ಬಂತು, ಆಕ್ಸಿಜನ್ ಬಂತು. ನಾಯಿ ಉಳೀಲಿಲ್ಲ.

ಆಳುವ ಪಕ್ಷ ತನಿಖಾ ಆಯೋಗ ನೇಮಿಸಿತು. ವಿರೋಧ ಪಕ್ಷ ಸಭಾತ್ಯಾಗ ಮಾಡಿ, ಆ ನಾಯಿ ಬಾಲ ಅಲ್ಲಾಡಿಸ್ತಿದ್ದುದು ನಮಗೇ ಎಂದಿತು. ಕ್ರಾಂತಿಕಾರಿ ಮಿತ್ರರು ನಾಯಿಯದು ಯಾವ ವರ್ಗವೆಂದು ಮೂರು ದಿನ ಚರ್ಚಿಸಿದರು. ಸ್ವಾಮಿಗಳು ಪೂರ್ವಜನ್ಮದ ಕರ್ಮ ಅಂದರು. ನನ್ನಂಥ ಬಿ.ಎ. ಕವಿಯೊಬ್ಬ ಚರಮಗೀತೆ ಬರೆದು ಚಹಾ ಕುಡಿಯೋಕೆ ಹೋದ.

ನಕ್ಕಿರಾ? ಈಗ ಕಟ್ಟದ ಕತೆ ಕೇಳಿ.

ನಾಯಿ ಬಿದ್ದಾಗ ಗೊತ್ತಿದ್ದ ವಿಷಗಾಳಿ ನಮ್ಮಣ್ಣ ಇಳಿಯುವಾಗ ಯಾರಿಗೂ ಗೊತ್ತಿರೋದಿಲ್ಲ. ಸೊಂಟಕ್ಕೊಂದು ಹಗ್ಗ, ಕೈಗೊಂದು ಬಕೆಟ್ಟು. ಅವನು ಮೇಲೆ ಬರದಿದ್ದರೆ ಎತ್ತೋಕೆ ಇನ್ನೊಬ್ಬ ಇಳೀತಾನೆ. ಅವನೂ ನಮ್ಮವನೇ.

1993ರಲ್ಲಿ ಒಂದು ಕಾನೂನು. 2013ರಲ್ಲಿ ಇನ್ನೊಂದು. ಅದು ಜಾರಿಯಾದದ್ದು ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ದಿನ. ಚರಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ 30 ಲಕ್ಷ ಅಂದಿತು. ಹೆಣದ ಬೆಲೆ ಏರಿತು, ಹೆಣ ಬೀಳೋದು ನಿಲ್ಲಲಿಲ್ಲ.

2021ರಲ್ಲಿ ರಾಜ್ಯಸಭೆಗೆ ಕೇಂದ್ರ ಸರ್ಕಾರ ಕೊಟ್ಟ ಉತ್ತರ: ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ! ಚರಂಡಿಗಿಳಿದು ಸತ್ತವರದು 'ಅಪಾಯಕಾರಿ ಶುಚಿಕಾರ್ಯ'ವಂತೆ, ಅವರ ಲೆಕ್ಕ ಬೇರೆಯಂತೆ. ನಮ್ಮ ಕಟ್ಟುಕತೆಯ ನಾಯಿಯಾದರೂ ನಾಯಿಯಾಗಿಯೇ ಸತ್ತಿತು. ನಮ್ಮವನಿಗೆ ತನ್ನ ಸಾವಿನ ಹೆಸರೂ ದಕ್ಕಲಿಲ್ಲ.

2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಬಂಧುಗಳು ಮೈಮೇಲೆ ಮಲ ಸುರಿದುಕೊಂಡು ನಿಂತರು. ಆಗ ತಾನೆ ನಾಡಿಗೆ ತನಗೊಂದು ಮೂಗಿದೆ ಅಂತ ನೆನಪಾದದ್ದು.

ಹಾಸ್ಟೆಲಿನ ತಮ್ಮಂದಿರೆ, ನಾಳೆ ನಿಮ್ಮ ಕಕ್ಕಸಿನ ಗುಂಡಿ ಕಟ್ಟಿಕೊಂಡರೆ ಯಾರನ್ನು ಕರೆಸ್ತಾರೆ, ನೋಡಿ. ಬರಿಗೈಲಿ ಯಾರನ್ನೋ ಇಳಿಸೋಕೆ ಹೊರಟರೆ ಗುಂಡಿಯ ಬಾಯಿಗೆ ಅಡ್ಡ ನಿಂತು ಹೇಳಿ: 2013ರ ಕಾನೂನಿನಲ್ಲಿ ಹೀಗೆ ಇಳಿಸಿದವನಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು. ಯಂತ್ರ ತರಿಸು, ಮನುಷ್ಯನನ್ನಲ್ಲ.

ಅಷ್ಟು ಮಾಡಿದರೆ ಚರಮಗೀತೆ ಬರೆಯೋ ಕೆಲಸ ನನಗೆ ತಪ್ಪುತ್ತೆ.