ಇಬ್ರಿಯ ಶಾಸ್ತ್ರದಲ್ಲಿ ಭಗವದ್ವಾತ್ಸಲ್ಯ

ಸಂಸ್ಕೃತದಲ್ಲಿ ‘ವತ್ಸ’ವೆಂದರೆ ಕರು. ‘ವಾತ್ಸಲ್ಯ’ವೆಂಬ ಮಾತು ಅದರಿಂದಲೇ ಹುಟ್ಟಿತೆಂಬುದನ್ನು ನಮ್ಮ ವಾಚಕರು ಬಲ್ಲರು. ಈಗತಾನೆ ಹುಟ್ಟಿದ ಕರುವಿನ ಮೈಯ ಕೊಳೆಯನ್ನು ಹಸುವು ಹೇಸದೆ ನೆಕ್ಕುವಂತೆ ಭಗವಂತನು ಭಕ್ತನ ದೋಷವನ್ನು ಎಣಿಸನೆಂದು ಶ್ರೀವೈಷ್ಣವ ಆಚಾರ್ಯರು ಅದನ್ನು ವಿವರಿಸುವರು. ಯೆಹೂದ್ಯರ ಶಾಸ್ತ್ರಭಾಷೆಯಾದ ಇಬ್ರಿಯದಲ್ಲಿಯೂ ಇಂತಹುದೇ ಒಂದು ಶಬ್ದವುಂಟು. ‘ರೆಹೆಮ್’ ಎಂದರೆ ತಾಯಿಯ ಗರ್ಭ. ಅದಕ್ಕೆ ಸೇರಿದ ‘ರಹಮೀಮ್’ ಎಂದರೆ ಕರುಣೆ. ಇಬ್ರಿಯರ ದೇವರು ಬರಿಯ ದಂಡಧರನೆಂದು ಹೇಳುವವರನ್ನು ನಾವು ಬಹಳ ಮಂದಿ ಕಂಡಿದ್ದೇವೆ. ಈ ಒಂದು ಶಬ್ದದ ವ್ಯುತ್ಪತ್ತಿಯನ್ನು ವಿಚಾರಿಸಿದ್ದರೆ ಅವರು ಅಷ್ಟು ಅವಸರಪಡುತ್ತಿರಲಿಲ್ಲ.

ಆದರೆ ಆ ಶಾಸ್ತ್ರದಲ್ಲಿ ಈ ವಾತ್ಸಲ್ಯವು ಅಗ್ಗವಾಗಿ ದೊರೆಯತಕ್ಕದ್ದಲ್ಲ. ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ಇಸ್ರಾಯೇಲಿನ ಉತ್ತರ ರಾಜ್ಯದಲ್ಲಿ ಹೋಶೇಯನೆಂಬ ಪ್ರವಾದಿಯಿದ್ದನು. ಜನರು ತಮ್ಮ ದೇವರನ್ನು ಬಿಟ್ಟು ಬಾಳನ ಪೂಜೆಗೆ ತೊಡಗಿದ್ದರು. ಆಗ ದೇವರ ಅಪ್ಪಣೆಯಂತೆ ಅವನ ಮಗಳಿಗೆ ‘ಲೋ-ರುಹಾಮಾ’ ಎಂದು ಹೆಸರಾಯಿತು. ಕರುಣೆ ಹೊಂದದವಳು ಎಂದು ಅದರ ಅರ್ಥ. ಧಾತುವು ಅದೇ ಗರ್ಭದ ಧಾತು. ಎಳೆಯ ಕೂಸನ್ನು ದಿನವೂ ಹೀಗೆ ಕರೆಯಬೇಕಾದ ಮನೆಯ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಲಿ. ಮುಂದಿನ ಅಧ್ಯಾಯದಲ್ಲಿ ‘ಲೋ’ ಎಂಬ ನಕಾರವು ಉದುರಿಹೋಗುವುದೇನೋ ನಿಜ.

ಇದೇ ಗ್ರಂಥದ 11ನೆಯ ಅಧ್ಯಾಯದಲ್ಲಿ ದೇವರು ತಂದೆಯಂತೆ, ತಾಯಿಯಂತೆ ಎಂದರೂ ಸಲ್ಲುವುದು, ಹಳೆಯದನ್ನೆಲ್ಲ ನೆನೆಯುವನು. ಮಗುವಾಗಿದ್ದ ಇಸ್ರಾಯೇಲನ್ನು ಐಗುಪ್ತದಿಂದ ಕರೆತಂದದ್ದು, ತೋಳು ಹಿಡಿದು ನಡೆಯಲು ಕಲಿಸಿದ್ದು, ಬಗ್ಗಿ ಉಣಿಸಿದ್ದು, ಕರೆದಷ್ಟೂ ಮಗು ದೂರ ಸರಿದದ್ದು. ಇದರ ಹಿಂದೆ ಒಂದು ಕಠಿನವಾದ ವಿಧಿಯಿರುವುದನ್ನು ಮರೆಯಲಾಗದು. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ಪ್ರಕಾರ, ಮಾತು ಕೇಳದ ಮೊಂಡ ಮಗನನ್ನು ತಂದೆತಾಯಿಗಳು ಊರಬಾಗಿಲಲ್ಲಿ ಹಿರಿಯರ ಮುಂದೆ ನಿಲ್ಲಿಸಿ ದೂರು ಹೇಳತಕ್ಕದ್ದು; ಊರವರು ಅವನನ್ನು ಕಲ್ಲೆಸೆದು ಕೊಲ್ಲತಕ್ಕದ್ದು. ಹೋಶೇಯನಲ್ಲಿ ದೂರೆಲ್ಲ ಮುಗಿದಿದೆ, ಅಪರಾಧವು ಸಿದ್ಧವಾಗಿದೆ, ಕತ್ತಿಯ ಮಾತೂ ಬಂದುಹೋಗಿದೆ. ಆ ಘಳಿಗೆಯಲ್ಲಿ ಮಗನನ್ನು ಬಿಟ್ಟುಕೊಡಲಾರದೆ ದೇವರ ಹೃದಯವೇ ಮಗುಚಿಕೊಳ್ಳುವುದು. ಮಗನು ತಿದ್ದಿಕೊಂಡನೆಂದಲ್ಲ. ತಾನು ದೇವರೇ ಹೊರತು ಮನುಷ್ಯನಲ್ಲವೆಂಬುದೊಂದೇ ಅಲ್ಲಿ ಕೊಟ್ಟಿರುವ ಕಾರಣ.

ಹಾಗಾದರೆ ಕತ್ತಿಯು ಹಿಂದೆಗೆಯಿತೋ? ಇಲ್ಲ. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯವು ಅಶ್ಶೂರ್ಯರ ವಶವಾಯಿತು. ಕ್ರಿ.ಪೂ. 586ರಲ್ಲಿ ಬಾಬೆಲಿನ ದೊರೆ ನೆಬೂಕದ್ನೆಚ್ಚರನ ಸೈನ್ಯವು ಯೆರೂಸಲೇಮನ್ನೂ ಅಲ್ಲಿಯ ದೇವಾಲಯವನ್ನೂ ಸುಟ್ಟಿತು. ಕಾಪಾಡುವವನು ಎಲ್ಲಿ ಹೋದನೆಂದು ಕೇಳದವರಾರು? ಅದಕ್ಕೆ ಮೊದಲೇ, 597ರಲ್ಲಿ, ಸೆರೆಯಾಗಿ ಹೋಗಿದ್ದವರಲ್ಲಿ ಯೆಹೆಜ್ಕೇಲನೆಂಬ ಯಾಜಕನೊಬ್ಬನು. ಬಾಬೆಲಿನ ಕೆಬಾರ್ ಕಾಲುವೆಯ ದಡದಲ್ಲಿ ಅವನಿಗೆ ದರ್ಶನವಾಯಿತು. ಅವನು ಕಂಡ ದೈವಸಿಂಹಾಸನದ ಕೆಳಗೆ ಚಕ್ರಗಳಿದ್ದುವು! ದೇವಾಲಯದಲ್ಲಿ ನೆಲೆಸಿದ್ದ ತೇಜಸ್ಸು ಹೊಸ್ತಿಲನ್ನು ದಾಟಿ, ಪಟ್ಟಣವನ್ನು ಬಿಟ್ಟು, ಮೂಡಲ ಬೆಟ್ಟದ ಮೇಲೆ ನಿಂತಿತೆಂದೂ, ಚದರಿಹೋದವರಿಗೆ ಪರದೇಶದಲ್ಲಿ ದೇವರೇ ಗುಡಿಯಾದನೆಂದೂ ಅವನು ಬರೆದಿರುವನು. ಕೋಟೆಯು ಬೀಳದಂತೆ ನೋಡಿಕೊಳ್ಳುವುದೇ ರಕ್ಷಣೆಯೆಂದು ನಂಬಿದ್ದವರು, ಬಿದ್ದ ಮೇಲೆ ಜೊತೆಯಲ್ಲಿ ಹೊರಟುಬರುವುದನ್ನೂ ರಕ್ಷಣೆಯೆಂದು ಕರೆಯಲು ಕಲಿಯಬೇಕಾಯಿತು.

ಈ ಸಮಾಧಾನವು ಸಾಲದೆಂದು ವಾಚಕರಿಗೆ ತೋರಿದರೆ ಆಶ್ಚರ್ಯವಿಲ್ಲ; ಆ ಜನರಿಗೂ ಯಾವಾಗಲೂ ಸಾಲಲಿಲ್ಲ. ಅದನ್ನು ಅವರು ಬಚ್ಚಿಡಲಿಲ್ಲವೆಂಬುದೇ ನಮ್ಮ ಮೆಚ್ಚಿಗೆಗೆ ಕಾರಣ. ಅವರ 150 ಕೀರ್ತನೆಗಳಲ್ಲಿ 121ನೆಯದು ಎಂಟೇ ವಚನಗಳದು. ಕಾಯುವುದೆಂಬ ಅರ್ಥದ ಧಾತುವು ಅದರಲ್ಲಿ ಆರು ಸಲ ಬರುವುದು. ಇಸ್ರಾಯೇಲಿನ ಕಾವಲುಗಾರನು ತೂಕಡಿಸುವವನಲ್ಲವೆಂದು ಅದು ಸಾರುವುದು. ಅದೇ ಪುಸ್ತಕದ 44ನೆಯ ಕೀರ್ತನೆಯಾದರೋ, ತಾವು ದೇವರನ್ನು ಮರೆಯದಿದ್ದರೂ ಕೊಯ್ಯುವ ಕುರಿಗಳಂತಾದೆವೆಂದು ದೂರಿ, ನಿದ್ರೆ ಸಾಕೆಂದು ಅವನನ್ನೇ ಎಬ್ಬಿಸುವುದು. 1941ರಿಂದ 1945ರೊಳಗೆ ಯೂರೋಪಿನಲ್ಲಿ ಯೆಹೂದ್ಯರ ಕೊಲೆಗಳು ಲಕ್ಷಗಟ್ಟಲೆ ನಡೆದುವು. ಆ ಯುಗದಲ್ಲಿ ಒಟ್ಟು ಸುಮಾರು 60 ಲಕ್ಷ ಮಂದಿ ಅಳಿದರು. ಆ ದೂರನ್ನು ಹಳೆಯದೆನ್ನಲು ಯಾರಿಗೂ ಬಾಯಿ ಬಾರದು.

ಯೆಹೂದ್ಯರ ಅನೇಕ ಮನೆಗಳಲ್ಲಿ 121ನೆಯ ಕೀರ್ತನೆಯನ್ನು ಬರೆದು ಬಾಣಂತಿಯ ಕೋಣೆಯ ಗೋಡೆಗೆ ತೂಗಹಾಕುವ ವಾಡಿಕೆಯುಂಟು. ಆ ವಾಡಿಕೆಯು ಇಂದಿಗೂ ನಿಂತಿಲ್ಲ.