ಆಪರೇಟರ್ ಅಣ್ಣನ ತಣ್ಣನೆ ಟೀ

ಬಿಸಿಲೋ ಬಿಸಿಲು! ಮ್ಯಾಟಿನಿ ಮುಗಿಸಿ ಹೊರಗೆ ಬಂದರೆ ಕಣ್ಣಿಗೆ ಕತ್ತಲೆ, ಗಂಟಲು ಒಣಗಿದ ಬಾವಿ. ಜೇಬಲ್ಲಿ ಉಳಿದ ಚಿಲ್ಲರೆಗೆ ಬಣ್ಣದ ನೀರು ಕುಡಿಯೋಣವೋ, ಬಸ್ ಚಾರ್ಜಿಗೆ ಇಟ್ಟುಕೊಳ್ಳೋಣವೋ ಅನ್ನೋ ಧರ್ಮಸಂಕಟ. ಈ ಸಂಕಟ ನನಗೆ ಚೆನ್ನಾಗಿ ಗೊತ್ತು, ಗೆಳೆಯರೆ. ಆದ್ದರಿಂದ ಈ ವಾರ ತಾರೆಯರ ಸುದ್ದಿ ಇಲ್ಲ, ಗಾಂಧಿನಗರದ ಗುಸುಗುಸು ಇಲ್ಲ. ಈ ವಾರ ಟೀ! ಅದೂ ತಣ್ಣನೆ ಟೀ. ನಿಂಬೆಹಣ್ಣು, ಪುದೀನ ಹಾಕಿ ಮನೆಯಲ್ಲೇ ಮಾಡೋದು.

"ಸಿನಿಮಾ ಪತ್ರಿಕೇಲಿ ಅಡಿಗೆಮನೆ ಯಾಕಯ್ಯಾ?" ಅಂತ ಹುಬ್ಬು ಹಾರಿಸಬೇಡಿ. ಈ ಟೀ ನಾನು ಕಲಿತದ್ದು ಟಾಕೀಸಿನ ದೆಸೆಯಿಂದಲೇ. ಅದರ ಹಿಂದೆ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನೂ ಹೇಳಿಬಿಡ್ತೀನಿ.

1985ರ ಮೇ ತಿಂಗಳು. ಚಿತ್ರದುರ್ಗದ ಸೀಮೆಯ ನಮ್ಮೂರ ಟಾಕೀಸಿಗೆ 'ಬಂಧನ' ಬಂದಿತ್ತು. 1984ರಲ್ಲಿ ಬಿಡುಗಡೆಯಾದ ಚಿತ್ರ. ಊರೂರು ಸುತ್ತಿ ನಮ್ಮಲ್ಲಿಗೆ ತಲುಪೋ ಹೊತ್ತಿಗೆ ಪ್ರಿಂಟಿನ ಮೇಲೆ ಜಡಿಮಳೆ ಸುರೀತಿತ್ತು. ಆದ್ರೇನು? ವಿಷ್ಣುವರ್ಧನ್, ಸುಹಾಸಿನಿ! ನಾನು ಮೂರನೇ ಸಲ, ಗಾಂಧಿ ಕ್ಲಾಸಿನ ಎರಡನೇ ಬೆಂಚು, ಅಕ್ಕಪಕ್ಕ ನಮ್ಮ ಪಟಾಲಂ.

ಇಂಟರ್‌ವಲ್ ಆದ ಮೇಲೆ ಒಂದು ರೀಲು ಹೋಗಿರಬೇಕು. ಪರದೆ ಹಳದಿಗಟ್ಟಿತು. ಆಮೇಲೆ ಮಂಕಾಯ್ತು. ಆಮೇಲೆ ಕಪ್ಪು! ಮಾತು ಕೇಳ್ತಾ ಇದೆ, ಚಿತ್ರ ಮಾತ್ರ ಇಲ್ಲ. ಬಿಡ್ತೀವಾ ನಾವು? ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ. "ಲೇ ಆಪರೇಟರ್! ನಿದ್ದೆ ಹೊಡೀತಿದ್ದೀಯೇನೋ?" ಆ ಕೂಗು ಶುರು ಮಾಡಿದ್ದು ಬೇರೆ ಯಾರೂ ಅಲ್ಲ ಸ್ವಾಮಿ, ನಾನೇ.

ಐದು ನಿಮಿಷವಾದರೂ ಬೆಳಕಿಲ್ಲ. ಆಪರೇಟರ್ ಅಣ್ಣ ನಮ್ಮ ಬೀದಿಯವನೇ. ಆ ಸಲುಗೆಯ ಮೇಲೆ ಜಗಳಕ್ಕೇ ಅಂತ ಕ್ಯಾಬಿನ್ ಮೆಟ್ಟಿಲು ಹತ್ತಿದೆ. ಬಾಗಿಲ ಹತ್ತಿರ ಅಣ್ಣ ಗೋಡೆಗೊರಗಿ ಬಿದ್ದಿದ್ದ. ಮೈಯೆಲ್ಲ ಬೆವರು, ತುಟಿ ಬಿಳಿಚಿಕೊಂಡಿತ್ತು. ಟೀ ಹುಡುಗ ಮುಖಕ್ಕೆ ನೀರು ಚಿಮುಕಿಸುತ್ತಿದ್ದ. ಪಕ್ಕದಲ್ಲಿ ಮಧ್ಯಾಹ್ನದ ಟೀ ಲೋಟ, ಮುಟ್ಟಿರಲೇ ಇಲ್ಲ. ಮೇಲೆ ಕೆನೆ ಕಟ್ಟಿ, ಅದರ ಮೇಲೆ ಒಂದು ನೊಣ.

ಈಗಿನ ಹುಡುಗರಿಗೆ ಆ ಕ್ಯಾಬಿನ್ ಗೊತ್ತಿರಲಾರದು. ಆಗ ದೀಪ ಅಂದರೆ ಕಾರ್ಬನ್ ದೀಪ. ಎರಡು ಇದ್ದಿಲು ಕಡ್ಡಿ ಎದುರುಬದುರು ಇಟ್ಟು ನಡುವೆ ವಿದ್ಯುತ್ತಿನ ಕಿಡಿ ಹಾರಿಸೋದು. ಅದರ ಕಾವು 3,000 ಡಿಗ್ರಿಗೂ ಮೇಲೆ! ಕಡ್ಡಿ ಉರಿದು ಸವೆದ ಹಾಗೆ ಕೈಯಿಂದ ತಿರುಗಿಸಿ ತಿರುಗಿಸಿ ಹತ್ತಿರ ತರಬೇಕು. ಮರೆತರೆ ದೀಪ ಆರಿಹೋಗುತ್ತೆ. ಧ್ವನಿಗೆ ಬೇರೆ ಪುಟ್ಟ ಬಲ್ಬು, ಅದಕ್ಕೇ ಮಾತು ಮಾತ್ರ ಕೇಳ್ತಿತ್ತು. ಜೊತೆಗೆ ಸುಮಾರು 20 ನಿಮಿಷಕ್ಕೊಮ್ಮೆ ರೀಲು ಮುಗಿಯುತ್ತೆ. ಪರದೆಯ ಬಲಮೂಲೆಯಲ್ಲಿ ಚುಕ್ಕೆ ಮಿಂಚಿದ ಕೂಡಲೇ ಇನ್ನೊಂದು ಯಂತ್ರಕ್ಕೆ ಬದಲಾಯಿಸಬೇಕು. ನಾವು ಫ್ಯಾನಿನ ಕೆಳಗೆ ಕೂತು ಬೆವರ್ತೀವಿ. ಅಣ್ಣ ಆ ತಗಡಿನ ಚಾವಣಿಯ ಗೂಡಿನಲ್ಲಿ ದಿನಕ್ಕೆ ನಾಲ್ಕು ಆಟ! ಅವನಿಗೆ ಬಿಸಿ ಟೀ ಕುಡಿಯೋ ಪುರುಸೊತ್ತು ಎಲ್ಲಿಂದ ಬರಬೇಕು? ಬಂದ ಟೀ ಎಲ್ಲ ತಣ್ಣಗಾಗೋದೇ.

ನೀರು, ಉಪ್ಪು ಬೆರೆಸಿದ ಮಜ್ಜಿಗೆ ಕುಡಿದು ಅಣ್ಣ ಎದ್ದು ಕೂತ. ಮೊದಲು ಕೇಳಿದ್ದೇನು ಗೊತ್ತೇ? "ಎಷ್ಟು ಹೊತ್ತು ಕತ್ತಲಾಗಿತ್ತೋ? ಜನ ಬೈದರಾ?" ನಾನು ನೆಲ ನೋಡಿದೆ. ಬೈದವನು ನಾನೇ ಅಂತ ಹೇಳೋ ಧೈರ್ಯ ಬರಲಿಲ್ಲ.

ಆ ರಾತ್ರಿ ನಿಶ್ಚಯ ಮಾಡಿದೆ. ಈ ಮನುಷ್ಯನಿಗೆ ತಣ್ಣಗಾದ ಟೀ ಅಲ್ಲ, ತಣ್ಣಗೇ ಕುಡಿಯೋ ಟೀ ಕೊಡಬೇಕು!

ನಿಶ್ಚಯವೇನೋ ಆಯ್ತು, ವಿದ್ಯೆ ಬೇಕಲ್ಲ? ಮೊದಲನೇ ದಿನ ಹೋಟೆಲಿನ ಹಾಲು ಹಾಕಿದ ಟೀ ತಂದು, ಐಸ್ ಹಾಕಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದೆ. ಥತ್! ಹಾಲು ಒಡೆದು ಮೊಸರು ಮೊಸರು. ಬಸ್‌ಸ್ಟ್ಯಾಂಡಿನ ಪಕ್ಕ ಅಂಗಡಿ ಇಟ್ಟಿದ್ದ ಮಲಬಾರಿನ ಕಾಕಾ ಅದನ್ನು ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕ. "ನಮ್ಮ ಸುಲೈಮಾನಿ ಗೊತ್ತಿಲ್ವಾ ನಿಂಗೆ?" ಅಂದ. ಸುಲೈಮಾನಿ ಅಂದರೆ ಹಾಲಿಲ್ಲದ ಕಪ್ಪು ಟೀ. ಏಲಕ್ಕಿ, ನಿಂಬೆರಸ, ಇದ್ದರೆ ಪುದೀನ. ಮಲಬಾರಿನಲ್ಲಿ, ನಮ್ಮ ಮಂಗಳೂರು ಕಡೆಯಲ್ಲಿ ಬಿರಿಯಾನಿ ಉಂಡ ಮೇಲೆ ಬಿಸಿಬಿಸಿಯಾಗಿ ಕುಡೀತಾರೆ. ಅದನ್ನೇ ತಣ್ಣಗೆ ಮಾಡೋದು ಕಾಕಾ ನನಗೆ ಹೇಳಿಕೊಟ್ಟ. ಆಮೇಲೆ ನಾನು ಓದಿ, ಕೆಡಿಸಿ, ಮತ್ತೆ ಮಾಡಿ ತಿದ್ದಿಕೊಂಡೆ. ಈಗ ನಿಮಗೆ ಹೇಳ್ತೀನಿ. ನಾಲ್ಕು ಲೋಟಕ್ಕೆ ಲೆಕ್ಕ.

ಅರ್ಧ ಲೀಟರ್ ನೀರು ಕುದಿಸಿ ಒಲೆ ಆರಿಸಿ. 4 ಚಮಚ ಟೀ ಸೊಪ್ಪು ಹಾಕಿ ಮುಚ್ಚಿಡಿ. 4 ನಿಮಿಷ, ಅಷ್ಟೇ! ಧೂಳಿನಂಥ ಪುಡಿಯಾದರೆ 3 ಚಮಚ, 2 ನಿಮಿಷ ಸಾಕು. ಹಾಲಿನ ಟೀ ಥರಾ ಕೊತಕೊತ ಕುದಿಸಿದಿರೋ, ಒಗರೆಲ್ಲ ಇಳಿದು ಕಷಾಯ ಆಗುತ್ತೆ. ಬಿಸಿ ಟೀಯಲ್ಲಿ ಆ ಒಗರನ್ನು ಹಾಲು ಮುಚ್ಚಿಡುತ್ತೆ. ಇಲ್ಲಿ ಹಾಲೇ ಇಲ್ಲ, ಯಾರು ಮುಚ್ಚಬೇಕು? ಸೋಸುವಾಗ ಬಟ್ಟೆ ಹಿಂಡಲೂಬೇಡಿ.

ಟೀ ಸ್ವಲ್ಪ ಗಡುಸಾಯ್ತು ಅನ್ನಿಸಬಹುದು. ಅನ್ನಿಸಲಿ. ತಣ್ಣೀರು ಸೇರಬೇಕು, ಐಸ್ ಕರಗಬೇಕು, ಅದಕ್ಕೆ ಲೆಕ್ಕ ಹಾಕಿ ಗಡುಸು ಮಾಡೋದು.

ಬಿಸಿ ಇರುವಾಗಲೇ 5-6 ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ತಣ್ಣಗಾದ ಮೇಲೆ ಸಕ್ಕರೆ ಹಾಕಿದರೆ ಕರಗೋಲ್ಲ, ತಳದಲ್ಲಿ ಕೂತು ಅಣಕಿಸುತ್ತೆ. ಈಗಲೇ 15-20 ಪುದೀನ ಎಲೆ ಅಂಗೈಯಲ್ಲಿಟ್ಟು ಒಂದೇ ಒಂದು ಚಪ್ಪಾಳೆ ತಟ್ಟಿ ಹಾಕಿ. ಚಪ್ಪಾಳೆಗೆ ಎಲೆಯ ಎಣ್ಣೆ ಹೊರಬಂದು ಘಮ್ಮನ್ನುತ್ತೆ. ಅರೆದರೆ ಹುಲ್ಲಿನ ರುಚಿ. 5 ನಿಮಿಷ ಬಿಟ್ಟು ಎಲೆ ತೆಗೆದುಬಿಡಿ. ಪುದೀನ ಸಿಗದಿದ್ದರೆ ತುಳಸಿ, ಇಲ್ಲವೇ ಒಂದು ಗೇಣು ಮಜ್ಜಿಗೆ ಹುಲ್ಲು ಜಜ್ಜಿ ಹಾಕಿ. ದೊಡ್ಡಪತ್ರೆ ಒಂದೇ ಎಲೆ ಸಾಕು, ಅದು ವಿಲನ್ ಇದ್ದ ಹಾಗೆ, ಜಾಸ್ತಿಯಾದರೆ ಹೀರೋನನ್ನೇ ನುಂಗಿಬಿಡುತ್ತೆ.

ಈಗ ಅರ್ಧ ಲೀಟರ್ ತಣ್ಣೀರು ಬೆರೆಸಿ, ಕುದಿಸಿ ಆರಿಸಿದ್ದು. ಪೂರ್ತಿ ಆರಿದ ಮೇಲೆ 2 ನಿಂಬೆಹಣ್ಣಿನ ರಸ. ಆಗ ನೋಡಬೇಕು ಮೋಜು! ಕಾಫಿ ಬಣ್ಣದ ಟೀ ಕಣ್ಣೆದುರೇ ಹೊಂಬಣ್ಣಕ್ಕೆ ತಿರುಗುತ್ತೆ. ಕಪ್ಪು ಬಿಳುಪು ಚಿತ್ರ ಇದ್ದಕ್ಕಿದ್ದಂತೆ ಈಸ್ಟ್‌ಮನ್ ಕಲರ್ ಆದ ಹಾಗೆ! ಮಾಯೆ ಏನಿಲ್ಲ, ಟೀಯ ಬಣ್ಣದ ಸತ್ವ ಹುಳಿ ಸೇರಿದ ಕೂಡಲೇ ತಿಳಿಯಾಗುತ್ತೆ. ಬಿಸಿಯಲ್ಲೇ ರಸ ಹಿಂಡಿದರೆ ಹಣ್ಣಿನ ಪರಿಮಳ ಹಾರಿಹೋಗುತ್ತೆ. ಸಿಪ್ಪೆಯ ಒಳಗಿನ ಬಿಳಿ ಭಾಗ ಕಹಿ, ಆದ್ದರಿಂದ ತೆಳುವಾದ ಬಿಲ್ಲೆ ಕುಡಿಯೋ ಮುಂಚೆ ಮಾತ್ರ ತೇಲಿಬಿಡಿ. ನಿಂಬೆ ಜೊತೆ ಕೊಡಗಿನ ಕಿತ್ತಳೆ ರಸವೋ ಮೋಸಂಬಿ ರಸವೋ ಅರ್ಧ ಲೋಟ ಸೇರಿಸಿದರೆ ಸಕ್ಕರೆ ಕಮ್ಮಿ ಸಾಕು. ಆದರೆ ಒಂದು ಮಾತು, ಹುಳಿ ಪದಾರ್ಥ ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಡ. ಸ್ಟೀಲು, ಗಾಜು, ಮಡಕೆ ಸರಿ.

ತಣ್ಣಗಾದ ಟೀ ಕೆಲವು ಸಲ ಕೆಸರಿನಂತೆ ಕದಡುತ್ತೆ. ಹಾಳಾಯ್ತು ಅಂತ ಚೆಲ್ಲಬೇಡಿ. ಟೀಯ ಒಗರೂ ಕೆಫೀನೂ ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಹಾಗೆ ಕಾಣುತ್ತೆ. ಒಂದಿಷ್ಟು ಬಿಸಿನೀರು ಸೇರಿಸಿದರೆ ತಿಳಿಯಾಗುತ್ತೆ. ಬಿಸಿಬಿಸಿ ಟೀಯನ್ನು ನೇರ ಫ್ರಿಜ್ಜಿಗೆ ತಳ್ಳದೆ, ಹೊರಗೆ ಆರಿಸಿ ಇಟ್ಟರೆ ಈ ಕಾಟ ಕಮ್ಮಿ. ಅಸ್ಸಾಮಿನ ಗಡುಸು ಟೀ ಬೇಗ ಕದಡುತ್ತೆ. ನೀಲಗಿರಿಯ ಸೊಪ್ಪು ತಣ್ಣಗಾದರೂ ತಿಳಿಯಾಗಿರುತ್ತೆ ಅಂತ ಹೆಸರು.

ಐಸ್ ವಿಷಯ ಗಂಭೀರವಾಗಿ ಕೇಳಿ. ಮೀನಿನ ಪೆಟ್ಟಿಗೆಗೆ ಹಾಕೋ ಐಸ್ ಗಡ್ಡೆ ಕುಡಿಯೋದಕ್ಕಲ್ಲ. ಟೀ ಕುದಿಸಿ ಕೊಳಕು ಐಸ್ ಹಾಕಿದರೆ ಕುದಿಸಿದ್ದೇ ದಂಡ. ಕುದಿಸಿ ಆರಿಸಿದ ನೀರನ್ನೇ ಮನೆಯಲ್ಲಿ ಐಸ್ ಮಾಡಿಕೊಳ್ಳಿ. ಬಾಟ್ಲಿಯನ್ನು ಬಿಸಿಲಿಗಿಟ್ಟು ಟೀ ಇಳಿಸೋ ಶೋಕಿಯೂ ಬೇಡ, ಕ್ರಿಮಿ ಸಾಯುವಷ್ಟು ಬಿಸಿ ಅದರಲ್ಲಿ ಬರೋಲ್ಲ. ಮಾಡಿದ್ದನ್ನು ಅವತ್ತೇ ಮುಗಿಸಿ, ಫ್ರಿಜ್ಜಿನಲ್ಲಿಟ್ಟರೆ ಮಾರನೇ ದಿನದವರೆಗೆ.

ಇದು ಅಮೆರಿಕದವರ ಟೀ ಅಂತ ಕೆಲವರು ಅಂತಾರೆ. 1904ರಲ್ಲಿ ಸೇಂಟ್ ಲೂಯಿಸ್ ನಗರದ ದೊಡ್ಡ ಮೇಳದಲ್ಲಿ ರಿಚರ್ಡ್ ಬ್ಲೆಚಿಂಡೆನ್ ಅನ್ನೋವ್ರು ನಮ್ಮ ಇಂಡಿಯಾದ ಟೀ ಪ್ರಚಾರಕ್ಕೆ ಕೂತಿದ್ದರಂತೆ. ಸೆಕೆಗೆ ಬಿಸಿ ಟೀ ಯಾರೂ ಮುಟ್ಟದಿದ್ದಾಗ ಐಸ್ ಹಾಕಿ ಹಂಚಿದರು, ಅಲ್ಲಿಂದ ಶುರು ಅನ್ನೋದು ಕಥೆ. ಕಥೆ ಚೆನ್ನಾಗಿದೆ, ಆದರೆ 1879ರಲ್ಲೇ ವರ್ಜೀನಿಯಾದ ಒಂದು ಅಡಿಗೆ ಪುಸ್ತಕದಲ್ಲಿ ಐಸ್, ನಿಂಬೆ ಹಾಕಿದ ಟೀ ಅಚ್ಚಾಗಿದೆ. ಕ್ರೆಡಿಟ್ಟು ಒಬ್ಬರಿಗೆ, ಕೆಲಸ ಇನ್ನೊಬ್ಬರದು. ಸಿನಿಮಾದವರಿಗೆ ಇದು ಹೊಸದೇ?

ಆಗ ನಮ್ಮಲ್ಲಿ ಫ್ರಿಜ್ ಎಲ್ಲಿತ್ತು? ಸ್ಟೀಲ್ ಕ್ಯಾನಿಗೆ ಟೀ ತುಂಬಿ, ಒದ್ದೆ ಗೋಣಿ ಸುತ್ತಿ, ಗಾಳಿ ಆಡೋ ಕ್ಯಾಬಿನ್ ಮೆಟ್ಟಿಲ ಮೇಲೆ ಇಡ್ತಿದ್ದೆ. ಗೋಣಿಯ ನೀರು ಆರುತ್ತಾ ಆರುತ್ತಾ ಕ್ಯಾನಿನ ಬಿಸಿ ಎಳೆದುಕೊಳ್ಳುತ್ತೆ. ನಮ್ಮಜ್ಜಿಯ ಮಡಕೆಯ ವಿದ್ಯೆಯೇ ಅದು. ಮೊದಲ ಲೋಟ ಅಣ್ಣ ಒಂದೇ ಗುಟುಕಿಗೆ ಇಳಿಸಿ, ಇನ್ನೊಂದಕ್ಕೆ ಲೋಟ ಚಾಚಿದ. ಟೀ ಔಷಧಿ ಅಲ್ಲ, ನೀರು ಮಜ್ಜಿಗೆ ಬಿಟ್ಟು ಇದನ್ನೇ ಕುಡಿ ಅಂತ ನಾನು ಯಾರಿಗೂ ಹೇಳೋಲ್ಲ. ಆದರೆ ಆ ಬೇಸಗೆ ಪೂರ್ತಿ ನಮ್ಮೂರ ಪರದೆ ಒಂದು ದಿನವೂ ಕಪ್ಪಾಗಲಿಲ್ಲ. ಮುಂದಿನ ಎರಡು ಬೇಸಗೆಯೂ ಕ್ಯಾನು ಹೊತ್ತೆ. ಆಮೇಲೆ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ.

ಕಾರ್ಬನ್ ಹೋಗಿ ಬಲ್ಬು ಬಂತು, ರೀಲು ಹೋಗಿ ಡಿಜಿಟಲ್ ಬಂತು. ನಮ್ಮೂರ ಟಾಕೀಸು ಈಗ ಕಲ್ಯಾಣಮಂಟಪ. ಹೋದ ಬೇಸಗೆಯಲ್ಲಿ ಊರಿಗೆ ಹೋದಾಗ ಅಣ್ಣನ ಮನೆ ಹೊಕ್ಕೆ. ವಯಸ್ಸಾಗಿದೆ, ಕಿವಿ ಮಂದ. ಮಾತಿಗೆ ಮುಂಚೆ ಒಳಗೆ ಹೋಗಿ ಎರಡು ಲೋಟ ತಂದ. ಹೊಂಬಣ್ಣದ ಟೀ, ಮೇಲೆ ಪುದೀನ ಎಲೆ! ಆಗ ಹೇಳಿಬಿಟ್ಟೆ: "ಅಣ್ಣ, ಅವತ್ತು ಮೊದಲು ಶಿಳ್ಳೆ ಹೊಡೆದು ಬೈದವನು ನಾನೇ."

ಅಣ್ಣ ಒಂದು ಗುಟುಕು ಕುಡಿದ. "ಗೊತ್ತಿತ್ತು ಕಣೋ. ನಿನ್ನ ಶಿಳ್ಳೆ ಬೀದಿಗೆಲ್ಲ ಗೊತ್ತು. ನಿಂಬೆಹಣ್ಣು ಸಾಕಾ ನೋಡು" ಅಂದ.

ಸಾಕಾಗಿತ್ತು ಗೆಳೆಯರೆ. ಈ ಭಾನುವಾರ ನೀವೂ ಮಾಡಿ ನೋಡಿ. ಒಂದು ಲೋಟ ಜಾಸ್ತಿಯೇ ಮಾಡಿ. ನಿಮ್ಮ ಬೀದಿಯಲ್ಲೂ ಬಿಸಿಲಲ್ಲಿ ದುಡಿಯೋ ಅಣ್ಣ ಒಬ್ಬ ಇದ್ದೇ ಇರ್ತಾನೆ. ಮುಂದಿನ ವಾರ ಮತ್ತೆ ಇದೇ ಪುಟದಲ್ಲಿ ಸಿಗೋಣ.